ಕೂಡಿಕೆ ಸಿಸ್ಟಮ್

ಅಂದು ಬೆಳಿಗ್ಗೆ ಭದ್ರಾವತಿಯ ಮೇಲೆ ಮೋಡ ಕವುಚಿಕೊಂಡಿತ್ತು. ಮಳೆ ಬರುವ ಸೂಚನೆ ಮಾತ್ರ ಇರಲಿಲ್ಲ. ಯುಗಾದಿ ಕಳೆದು ಹೆಚ್ಚು ದಿನವಾಗಿರಲಿಲ್ಲ. ಗಾಳಿ ಎಲ್ಲೋ ಕೂತುಬಿಟ್ಟಿತ್ತು. ನ್ಯೂ ಟೌನಿನ ಬೀದಿಯ ಹೊಂಗೆ ಮರಗಳಲ್ಲಿ ಒಂದೆಲೆಯೂ ಮಿಸುಕದೆ, ತಂತಿಯ ಮೇಲೆ ಹಿಂದಿನ ಸಂಜೆ ಹರವಿದ ಬಟ್ಟೆ ಒದ್ದೆಯಾಗಿಯೇ ಜೋತುಬಿದ್ದಿತ್ತು. ದುರ್ಗಮ್ಮ ಹೊಸಿಲು ತೊಳೆದು, ರಂಗೋಲಿ ಎಳೆದು, ಎದ್ದು ನಿಂತು ಒಮ್ಮೆ ಆಕಾಶ ನೋಡಿದಳು. ದೇವರೂ ಇವತ್ತು ಬಾಯಿ ಬಿಡುವ ಹಾಗಿಲ್ಲ ಅನ್ನಿಸಿತು.

ಆ ಮನೆಯಲ್ಲಿ ಬಾಯಿ ಬಿಡುವವರು ಮೊದಲೇ ಕಡಿಮೆ. ಗಂಡ ಪುಟ್ಟಯ್ಯ ಕಾರ್ಖಾನೆಯ ಕೆಲಸ ಹೋದ ಮೇಲೆ ಮಾಚೇನಹಳ್ಳಿಯ ಗೋದಾಮೊಂದರಲ್ಲಿ ರಾತ್ರಿ ಕಾವಲಿಗೆ ಸೇರಿದ್ದ. ಬೆಳಗಿನ ಬಸ್ಸಿಗೆ ಬಂದು, ರೊಟ್ಟಿ ತಿಂದು, ಕಿಟಕಿಗೆ ಕಂಬಳಿ ಕಟ್ಟಿ ಮಲಗಿದರೆ ಏಳುವುದು ಇಳಿಹೊತ್ತಿಗೆ. ಒಳ್ಳೆಯ ಮನುಷ್ಯ, ಆದರೆ ಹಗಲಿಗೆ ಸಿಗದ ಮನುಷ್ಯ. ಮಗಳು ತನುಶ್ರೀ ಅವನ ಮೊದಲ ಹೆಂಡತಿಯ ಕೂಸು. ಓದು ಮುಗಿಸಿ, ಶಿವಮೊಗ್ಗದ ಸ್ಟುಡಿಯೋ ಒಂದಕ್ಕೆ ಮನೆಯಲ್ಲೇ ಕೂತು ಮದುವೆ ಆಲ್ಬಮ್‌ಗಳನ್ನು ಮಾಡಿಕೊಡುತ್ತಿದ್ದಳು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಹಳೆಯ ಲ್ಯಾಪ್‌ಟಾಪಿನ ಮುಂದೆ ಕೂತರೆ ಅವಳೂ ಊರಲ್ಲಿಲ್ಲದವಳ ಹಾಗೆಯೇ. ದುರ್ಗಮ್ಮ ತಟ್ಟೆ ಇಟ್ಟು ಬರುವಳು. ಸ್ವಲ್ಪ ಹೊತ್ತಾದ ಮೇಲೆ ತಟ್ಟೆ ತೆಗೆದುಕೊಂಡು ಬರುವಳು. ಪರದೆಯ ಮೇಲೆ ಯಾರದೋ ಮನೆಯ ಹೆಣ್ಣುಗಳು ಹೂ ಮುಡಿದು ನಗುತ್ತಿರುತ್ತಿದ್ದರು. ಆ ಮನೆಯೊಳಗೆ ದಿನಕ್ಕೊಂದು ಮದುವೆ ನಡೆಯುತ್ತಿತ್ತು, ಸದ್ದಿಲ್ಲದೆ.

ದುರ್ಗಮ್ಮ ಈ ಮನೆಗೆ ಬಂದದ್ದು ಕೂಡಿಕೆಯಾಗಿ. ಮೊದಲ ಗಂಡ ತೀರಿಕೊಂಡ ಮೇಲೆ ಹೊಳೆಹೊನ್ನೂರಿನಲ್ಲಿ ಅಣ್ಣ ಚೌಡಯ್ಯನ ಆಸರೆಯಲ್ಲಿದ್ದವಳನ್ನು, ಹೆಂಡತಿ ಕಳೆದುಕೊಂಡಿದ್ದ ಪುಟ್ಟಯ್ಯನಿಗೆ ಹಿರಿಯರು ಸೇರಿ ಕೂಡಿಸಿದರು. ಇಂಥ ಎರಡನೇ ಮದುವೆಗೆ ಅವರ ಜನದಲ್ಲಿ ಮದುವೆ ಅನ್ನುವುದಿಲ್ಲ, ಕೂಡಿಕೆ ಅನ್ನುತ್ತಾರೆ. ಕೂಡಿಕೆಯಾಗಿ ಬಂದ ಹೆಂಗಸು ಅಡಿಗೆ ಮಾಡಬಹುದು, ನೀರು ಹೊರಬಹುದು, ಜ್ವರ ಬಂದವರ ಪಕ್ಕ ರಾತ್ರಿಯೆಲ್ಲ ಕೂರಬಹುದು. ಶುಭಕಾರ್ಯ ಅಂದಾಗ ಮಾತ್ರ ಅವಳು ಹಿಂದಿನ ಸಾಲಿಗೆ. ಅಂಥ ಹೊತ್ತಿನಲ್ಲಿ ಮುಂದೆ ನಿಲ್ಲಲು ಪಕ್ಕದ ಸಾಲುಮನೆಯಿಂದ ಪುಟ್ಟಯ್ಯನ ಅಕ್ಕ ಪುಟ್ಟಲಕ್ಷ್ಮಿ ಬರುತ್ತಿದ್ದಳು. ಇದು ಯಾರೂ ಜಗಳವಾಡಿ ಮಾಡಿದ ಏರ್ಪಾಡಲ್ಲ. ಬಾಗಿಲು ಯಾವ ಕಡೆ ತೆರೆದುಕೊಳ್ಳುತ್ತದೋ ಆ ಕಡೆಯೇ ತೆರೆದುಕೊಳ್ಳುವ ಹಾಗೆ, ಮೊದಲಿನಿಂದ ಹಾಗೇ ನಡೆದುಕೊಂಡು ಬಂದಿತ್ತು.

ಕಳೆದ ತಿಂಗಳು ಚೌಡಯ್ಯ ಫೋನ್ ಮಾಡಿದ್ದ. ಸಂತೆ ಬೀದಿಯಲ್ಲಿ ಅವನದೊಂದು ಸಣ್ಣ ಹೋಟೆಲು. "ನಿಮ್ಮತ್ತಿಗೆಗೆ ಮಂಡಿ ನೋವು, ಒಲೆ ಮುಂದೆ ನಿಲ್ಲಕ್ಕಾಗ್ತಿಲ್ಲ. ನೀನು ಬಂದ್ರೆ ನಂಗೊಂದು ಬಲ. ಇಲ್ಲೇ ಇರ್ತೀನಿ ಅಂದ್ರೆ ಇದ್ಬಿಡು ದುರ್ಗ, ನೀನು ಭಾರ ಆಗ್ತೀಯ ಅನ್ನೋರಿಲ್ಲ ಇಲ್ಲಿ."

ಬರುವ ಬುಧವಾರ ಹೊರಡುವುದೆಂದಾಗಿತ್ತು. ಮನೆಯವರಿಗೆ ತಿಳಿದಂತೆ ಅದು ಕೆಲವು ದಿನದ ಮಾತು. ದುರ್ಗಮ್ಮನಿಗೆ ಮಾತ್ರ, ಹೋದವಳು ಹಿಂದಿರುಗಬೇಕಾಗಿಲ್ಲ ಎಂದು ಒಳಗೊಳಗೇ ಗೊತ್ತಾಗಿತ್ತು. ಯಾರ ಮೇಲೂ ಸಿಟ್ಟಿರಲಿಲ್ಲ. ತಾನಿಲ್ಲದಿದ್ದರೆ ಈ ಮನೆಯಲ್ಲಿ ಏನು ಕಡಿಮೆಯಾದೀತು ಎಂದು ಸಂಜೆ ದೀಪದ ಮುಂದೆ ಕೂತು ಮನೆದೇವರು ಚೌಡಮ್ಮನನ್ನು ಕೇಳಿದಳು. ದೀಪ ತನ್ನ ಪಾಡಿಗೆ ಉರಿಯಿತು. ಒಂದು ಉತ್ತರ ಸಿಕ್ಕಿದ್ದರೆ ಅವಳು ಉಳಿದುಕೊಳ್ಳುತ್ತಿದ್ದಳು.

ಈ ನಡುವೆ ತನುಶ್ರೀಯ ಲ್ಯಾಪ್‌ಟಾಪು ಹಣ್ಣಾಯಿತು. ಒಂದು ಫೋಟೋ ತೆರೆಯಲು ಹೇಳಿದರೆ ಬಿಸಿಯಾಗಿ ಏದುಸಿರು ಬಿಡುತ್ತಿತ್ತು. ಡೆಸ್ಕ್‌ಟಾಪ್ ಬೇಕೆಂದು ತನುಶ್ರೀ ತೀರ್ಮಾನಿಸಿದಳು. ಅದನ್ನು ಕೊಳ್ಳುವುದಿಲ್ಲ, ತಾನೇ ಜೋಡಿಸುತ್ತೇನೆ ಅಂದಳು. ಪುಟ್ಟಲಕ್ಷ್ಮಿಗೆ ಇದು ಸರಿಬರಲಿಲ್ಲ. ಹಿಂದಿನ ವಾರ ಪಡಸಾಲೆಯಲ್ಲಿ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಾ ಮಾತು ತೆಗೆದಿದ್ದಳು.

"ಕಂಪನಿದು ತಗೊಳೆ ಮಾರಾಯ್ತಿ. ಡಬ್ಬಿ ಒಡೆದು ವೈರು ಸಿಕ್ಕಿಸಿದ್ರೆ ಮುಗೀತು. ಕೆಟ್ರೆ ಅವ್ರೇ ಬಂದು ನೋಡ್ಕೊಂಡು ಹೋಗ್ತಾರೆ."

"ಅದ್ರೊಳಗೆ ಏನು ತುರುಕಿರ್ತಾರೆ ಗೊತ್ತಾ ಅತ್ತೆ? ಹೊರಗೆಲ್ಲ ಥಳುಕು, ಒಳಗೆ ಯಾವ್ದೋ ಅಗ್ಗದ ಪವರ್ ಸಪ್ಲೈ. ಮುಂದೆ ಏನಾದ್ರೂ ಸೇರಿಸ್ತೀನಿ ಅಂದ್ರೆ ಜಾಗಾನೂ ಇರಲ್ಲ. ನಾನೇ ಒಂದೊಂದು ಪಾರ್ಟ್ ಆರಿಸಿ ಹಾಕ್ತೀನಿ."

"ಒಂದೊಂದೂ ಒಂದೊಂದು ಕಂಪನಿದಾ?"

"ಹೂಂ. ಬೋರ್ಡು ಒಬ್ರದ್ದು, ಪ್ರೊಸೆಸರ್ ಇನ್ನೊಬ್ರದ್ದು, ಕ್ಯಾಬಿನೆಟ್ ಮತ್ತೊಬ್ರದ್ದು."

ಪುಟ್ಟಲಕ್ಷ್ಮಿ ಎಲೆಗೆ ಸುಣ್ಣ ಸವರಿದಳು. "ಹಂಗಾದ್ರೆ ಕೂಡಿಕೆ ಅನ್ನು. ಅಲ್ಲೊಂದು ಇಲ್ಲೊಂದು ತಂದು ಕೂಡ್ಸಿದ್ದು. ಕೂಡಿಕೆ ಸಿಸ್ಟಮ್ಮು."

ತನುಶ್ರೀ ನಕ್ಕಳು. ಕೆಟ್ಟ ನಗುವಲ್ಲ, ಮಾತು ಚೆನ್ನಾಗಿದೆ ಎಂದು ಬರುತ್ತದಲ್ಲ, ಆ ನಗು. ಅಡಿಗೆಮನೆಯಲ್ಲಿ ದಂಟಿನ ಸೊಪ್ಪು ಬಿಡಿಸುತ್ತಿದ್ದ ದುರ್ಗಮ್ಮನಿಗೆ ಎರಡೂ ಕೇಳಿಸಿದವು. ಕೂಡಿಕೆ ಅನ್ನುವ ಮಾತು ಅವಳಿಗೆ ಅಭ್ಯಾಸವಾಗಿತ್ತು. ನಗು ಅಭ್ಯಾಸವಾಗಿರಲಿಲ್ಲ. ಸೊಪ್ಪು ಬಿಡಿಸುವ ಕೈ ನಿಲ್ಲಲಿಲ್ಲ. ಬುಧವಾರ ಎಂಬುದು ಮಾತ್ರ ಆವತ್ತೇ ಗಟ್ಟಿಯಾಯಿತು.

ಈಗ ಈ ಮೋಡದ ಬೆಳಿಗ್ಗೆ ತನುಶ್ರೀ ಅಡಿಗೆಮನೆಯ ಬಾಗಿಲಿಗೆ ಬಂದು ನಿಂತಳು.

"ಇಲ್ಕೇಳಿ," ಅಂದಳು. ಅವಳು ದುರ್ಗಮ್ಮನನ್ನು ಕರೆಯುವುದು ಹಾಗೆ. ಅಮ್ಮ ಅಂದವಳಲ್ಲ, ಚಿಕ್ಕಮ್ಮ ಅಂದವಳೂ ಅಲ್ಲ. "ಶಿವಮೊಗ್ಗಕ್ಕೆ ಹೋಗಿ ಸಾಮಾನು ತರ್ಬೇಕು. ಇವತ್ತು ಭಾನುವಾರ, ಮಧ್ಯಾಹ್ನದ ತನಕ ಮಾತ್ರ ಅಂಗಡಿ. ಅದನ್ನೆಲ್ಲ ಕೂರಿಸೋ ಕ್ಯಾಬಿನೆಟ್ ದೊಡ್ಡದು, ಒಂದು ಕಡೆ ಪೂರ್ತಿ ಗಾಜು. ಬಸ್ಸಲ್ಲಿ ಒಬ್ಳೇ ಹಿಡ್ಕೊಂಡು ಬರೋಕಾಗಲ್ಲ. ಬರ್ತೀರಾ?"

"ಬರ್ತೀನಿ. ನಿಮ್ಮಪ್ಪಂಗೆ ಅನ್ನ ಮುಚ್ಚಿಟ್ಟು ಬರ್ತೀನಿ, ಇರು."

ಬಸ್ಸಿನಲ್ಲಿ ಇಬ್ಬರಿಗೂ ಅಕ್ಕಪಕ್ಕ ಸೀಟು ಸಿಕ್ಕಿತು. ತನುಶ್ರೀ ಕಿವಿಗೆ ಹೆಡ್‌ಫೋನ್ ಹಾಕಿಕೊಂಡಳು. ದುರ್ಗಮ್ಮ ಕಿಟಕಿಯ ಹೊರಗೆ ನೋಡಿದಳು. ವಿದ್ಯಾನಗರ ಕಳೆದು ಸೇತುವೆ ಬಂತು. ತುಂಗೆಯಲ್ಲಿ ನೀರು ಕಡಿಮೆಯಾಗಿ ಬಂಡೆಗಳು ಬೆನ್ನು ತೋರಿಸಿಕೊಂಡು ಮಲಗಿದ್ದವು. ಅವಳು ಕೂತಲ್ಲೇ ಹೊಳೆಗೆ ಕೈ ಮುಗಿದಳು.

ಪೀರ್ ಬಾಷಾ ಅವರ ಅಂಗಡಿ ನೆಹರೂ ರಸ್ತೆಯ ಹಿಂದಿನ ಗಲ್ಲಿಯಲ್ಲಿ. ರೇಡಿಯೋ ರಿಪೇರಿಯಿಂದ ಶುರು ಮಾಡಿ, ಟೀವಿಗೆ ಬಂದು, ಕೊನೆಗೆ ಕಂಪ್ಯೂಟರಿಗೆ ನಿಂತವರು. ಬಿಳಿ ಗಡ್ಡ, ಹಣೆಯ ಮೇಲಕ್ಕೆ ಏರಿಸಿದ ಕನ್ನಡಕ. ದುರ್ಗಮ್ಮನಿಗೆ ಸ್ಟೂಲು ಎಳೆದುಕೊಟ್ಟು, ತನುಶ್ರೀಯನ್ನು ನೋಡಿ ತಲೆಯಾಡಿಸಿದರು.

"ಬಂದ್ಯಾ? ನಾನು ಅಂದ್ಕೊಂಡೆ, ಹುಡುಗಿ ಮನಸ್ಸು ಬದಲಾಯ್ಸಿ ರೆಡಿ ಪೀಸ್ ಆರ್ಡರ್ ಮಾಡಿರ್ತಾಳೆ ಅಂತ."

"ಇಲ್ಲ ಬಾಷಾ ಅಂಕಲ್."

"ನೋಡಮ್ಮ, ವ್ಯಾಪಾರದ ಮಾತು ಬೇರೆ, ಖರೇ ಮಾತು ಬೇರೆ. ಈಗ ರ‍್ಯಾಮ್ ರೇಟು ಆಕಾಶಕ್ಕೆ ಹೋಗಿ ಕೂತಿದೆ. ಜೋಡಿಸಿದ್ರೆ ಉಳಿತಾಯ ಅಂತ ಇದ್ದ ಕಾಲ ಹೋಯ್ತು. ರೆಡಿ ಪೀಸೇ ನಿಂಗೆ ಕಡಿಮೆಗೆ ಬೀಳುತ್ತೆ. ಕೆಟ್ರೆ ಒಂದೇ ಬಾಗಿಲು ತಟ್ಟಿದ್ರೆ ಸಾಕು. ಜೋಡ್ಸಿದ್ದಾದ್ರೆ ಪ್ರತಿ ಪಾರ್ಟಿಗೂ ಒಂದೊಂದು ಬಾಗಿಲು. ಬೋರ್ಡ್‌ನೋರು ಪವರ್‌ನೋರ ಮೇಲೆ ಹೇಳ್ತಾರೆ, ಪವರ್‌ನೋರು ಬೋರ್ಡ್‌ನೋರ ಮೇಲೆ ಹೇಳ್ತಾರೆ. ನಡುವೆ ನಿನ್ನ ಚಪ್ಪಲಿ ಸವೀತದೆ."

"ಗೊತ್ತು. ಆದ್ರೂ ಜೋಡಿಸ್ಬೇಕು ನಂಗೆ."

"ಸರಿ, ಇಲ್ಲೇ ಜೋಡ್ಸಿ ಕೊಡ್ತೀನಿ. ಕೂಲಿ ಬೇಡ."

"ನಾನೇ ಮಾಡ್ತೀನಿ ಅಂಕಲ್."

"ಹಠ ಯಾಕಷ್ಟು?"

ತನುಶ್ರೀ ಗಾಜಿನ ಕಪಾಟಿನೊಳಗೆ ಸಾಲಾಗಿದ್ದ ಪೆಟ್ಟಿಗೆಗಳನ್ನು ನೋಡುತ್ತಾ ಹೇಳಿದಳು: "ಒಳಗೆ ಏನಿದೆ ಅಂತ ನಂಗೆ ಗೊತ್ತಿರ್ಬೇಕು. ಎಲ್ಲಾ ಮುಗಿಸಿ ತಂದು ಎದುರಿಗಿಟ್ಟು, ಇದು ನಿಂದು, ಒಗ್ಗಿಸ್ಕೋ ಅಂದ್ರೆ ನಂಗಾಗಲ್ಲ."

ಸ್ಟೂಲಿನ ಮೇಲಿದ್ದ ದುರ್ಗಮ್ಮ ಸೆರಗು ಸರಿಮಾಡಿಕೊಂಡಳು.

ಬಾಷಾ ಒಂದೊಂದೇ ಪೆಟ್ಟಿಗೆ ತೆಗೆದು ಮೇಜಿನ ಮೇಲಿಟ್ಟರು. ಒಂದು ಹಳೆಯ ಬೋರ್ಡನ್ನು ಮುಂದೆ ಇಟ್ಟುಕೊಂಡು, ಸಣ್ಣ ಪಟ್ಟಿಯಂಥ ರ‍್ಯಾಮನ್ನು ಅದರ ಸೀಳಿನ ಮೇಲೆ ಹಿಡಿದು ತೋರಿಸಿದರು. "ಇದೊಂದು ಕಡೆ ಎಲ್ಲರೂ ತಪ್ತಾರೆ. ಹೆದ್ರಿ ಹೆದ್ರಿ ಒತ್ತಬೇಡ. ಎರಡು ಸಲ ಟಿಕ್ ಅನ್ಬೇಕು. ಈ ಕಡೆ ಒಂದು, ಆ ಕಡೆ ಒಂದು." ಅವರು ಒತ್ತಿದರು. ಟಿಕ್, ಟಿಕ್. ದುರ್ಗಮ್ಮನಿಗೂ ಕೇಳಿಸಿತು. "ಈಗ ಒಂದೇ ತಗೊಂಡು ಹೋಗು. ರೇಟು ಇಳಿದ ಮೇಲೆ ಇನ್ನೊಂದು ಹಾಕ್ಕೊಳ್ಳುವಂತೆ. ಪಕ್ಕದ ಜಾಗ ಖಾಲಿ ಇರ್ಲಿ, ಏನೂ ಆಗಲ್ಲ. ಜೋಡ್ಸಿದ್ದಕ್ಕೆ ಅದೊಂದು ಸುಖ ಉಂಟು."

ಬೇಕಾದ್ದು ಸಿಕ್ಕಿದ ಖುಷಿಯಲ್ಲಿ ತನುಶ್ರೀಗೆ ನಾಲಿಗೆ ಹಗುರಾಯಿತು. "ನಮ್ಮತ್ತೆ ಇದಕ್ಕೆ ಹೆಸ್ರು ಇಟ್ಟಾಗಿದೆ ಅಂಕಲ್. ಕೂಡಿಕೆ ಸಿಸ್ಟಮ್ ಅಂತ."

"ಕೂಡಿಕೆ ಅಂದ್ರೆ?"

ಬಾಷಾ ನಿಜವಾಗಿಯೂ ಗೊತ್ತಿಲ್ಲದೆ ಕೇಳಿದ್ದರು. ತನುಶ್ರೀ ಹೇಳಲು ಬಾಯಿ ತೆರೆದಳು. ಆಗ ಅವಳ ಕಣ್ಣಿಗೆ ಸ್ಟೂಲು ಕಂಡಿತು, ಸ್ಟೂಲಿನ ಮೇಲೆ ಮಡಿಲಲ್ಲಿ ಕೈಯಿಟ್ಟುಕೊಂಡು ಕೂತ ಹೆಂಗಸು ಕಂಡಳು. ತೆರೆದ ಬಾಯಿ ಹಾಗೇ ಉಳಿಯಿತು. ಮೇಲೆ ಫ್ಯಾನು ತಿರುಗುತ್ತಿತ್ತು. ಬಾಷಾ ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ನೋಡಿದರು.

ದುರ್ಗಮ್ಮನೇ ಹೇಳಿದಳು. "ಎರಡನೇ ಸಲ ಮದುವೆ ಮಾಡಿದ್ರೆ ನಮ್ಮಲ್ಲಿ ಹಂಗಂತಾರೆ ಅಣ್ಣ. ನಂದೂ ಅದೇ."

"ಓಹೋ," ಅಂದರು ಬಾಷಾ. ಸ್ಕ್ರೂಗಳನ್ನು ಸಣ್ಣ ಪ್ಲಾಸ್ಟಿಕ್ ಚೀಲಕ್ಕೆ ಹಾಕಿದರು. "ನಮ್ಮಲ್ಲಿ ಅದಕ್ಕೂ ನಿಕಾಹ್ ಅಂತಲೇ ಹೇಳೋದು ತಾಯಿ. ಮೊದಲ್ನೇದಕ್ಕೂ ಅದೇ, ಎರಡನೇದಕ್ಕೂ ಅದೇ. ಬೇರೆ ಹೆಸ್ರು ನಾನಂತೂ ಕೇಳಿಲ್ಲ." ಚೀಲದ ಬಾಯಿ ಕಟ್ಟಿ ತನುಶ್ರೀಯ ಕೈಗೆ ಕೊಟ್ಟರು. "ಇದನ್ನ ಕಳೀಬೇಡ. ಒಂದು ಸ್ಕ್ರೂ ಬಿದ್ರೂ ಮನೆ ಗುಡಿಸ್ಬೇಕಾಗ್ತದೆ."

ಹಿಂದಿರುಗುವಾಗ ಕ್ಯಾಬಿನೆಟ್ಟಿನ ದೊಡ್ಡ ಪೆಟ್ಟಿಗೆ ಇಬ್ಬರ ತೊಡೆಯ ಮೇಲೂ ಅಡ್ಡಲಾಗಿ ಕೂತಿತ್ತು. ಒಬ್ಬರ ಮುಖ ಇನ್ನೊಬ್ಬರಿಗೆ ಅರ್ಧವೇ ಕಾಣುತ್ತಿತ್ತು. ತನುಶ್ರೀ ಹೆಡ್‌ಫೋನನ್ನು ಕೈಯಲ್ಲಿ ಹಿಡಿದುಕೊಂಡಿದ್ದಳು, ಹಾಕಿಕೊಳ್ಳಲಿಲ್ಲ.

"ನಾನು ತಮಾಷೆಗಂದಿದ್ದು," ಅಂದಳು.

"ಇರ್ಲಿ ಬಿಡು."

ಬಸ್ಸು ಮಲವಗೊಪ್ಪ ದಾಟಿತು. ಆಮೇಲೆ ತನುಶ್ರೀ ಪೆಟ್ಟಿಗೆಯ ಮೇಲಿನ ಅಂಟುಪಟ್ಟಿಯನ್ನು ಉಗುರಿನಿಂದ ಕೆರೆಯುತ್ತಾ, ಪೆಟ್ಟಿಗೆಗೇ ಹೇಳುವ ಹಾಗೆ ಹೇಳಿದಳು: "ಒಂದಿನ ನಾನು ಸ್ಕೂಲಿಂದ ಬಂದೆ, ನೀವು ಅಡಿಗೆಮನೇಲಿ ಇದ್ರಿ. ಅಷ್ಟೇ. ನನ್ನನ್ನ ಯಾರೂ ಕೇಳ್ಲಿಲ್ಲ."

ದುರ್ಗಮ್ಮ ಹೊರಗೆ ನೋಡಿದಳು. ಗದ್ದೆಗಳು ಕೊಯ್ಲಾಗಿ ಬರಿದಾಗಿ ಹಿಂದಕ್ಕೆ ಓಡುತ್ತಿದ್ದವು.

"ನನ್ನನ್ನೂ ಕೇಳ್ಲಿಲ್ಲ ಕಣೆ," ಅಂದಳು.

ತನುಶ್ರೀ ಪೆಟ್ಟಿಗೆಯ ಮರೆಯಿಂದ ತಲೆ ಎತ್ತಿ ನೋಡಿದಳು. ಈ ಮಾತಿಗೆ ಇಂಥ ಇನ್ನೊಂದು ತುದಿ ಇದ್ದೀತೆಂದು ಅವಳಿಗೆ ಎಂದೂ ಹೊಳೆದಿರಲಿಲ್ಲ ಅನ್ನಿಸುತ್ತದೆ.

"ಬುಧವಾರ ನಾನು ಹೊಳೆಹೊನ್ನೂರಿಗೆ ಹೋಗ್ತೀನಿ," ಅಂದಳು ದುರ್ಗಮ್ಮ.

"ಹೂಂ. ಅಪ್ಪ ಹೇಳಿದ್ರು."

ಯಾವಾಗ ಬರ್ತೀರಿ ಎಂಬ ಮುಂದಿನ ಪ್ರಶ್ನೆಗೆ ದುರ್ಗಮ್ಮ ಕಾದಳು. ಯಾವ ಊರಿಗೆ ಹೊರಟವರನ್ನೂ ಜನ ಕೇಳುವ ಪ್ರಶ್ನೆ ಅದು. ಬಸ್ಸಿನ ಕಂಡಕ್ಟರ್ ಕೂಡ ಪರಿಚಯವಿದ್ದರೆ ಕೇಳಿಯಾನು. ಮಾಚೇನಹಳ್ಳಿ ಕಳೆಯಿತು. ಭದ್ರಾವತಿಯ ಮನೆಗಳು ಶುರುವಾದವು. ತನುಶ್ರೀ ಏನೋ ಯೋಚಿಸುತ್ತಾ ಕೂತೇ ಇದ್ದಳು, ಕೇಳಲಿಲ್ಲ. ಬಸ್ಸು ನಿಂತಿತು. ಇಬ್ಬರೂ ಪೆಟ್ಟಿಗೆಯ ಒಂದೊಂದು ತುದಿ ಹಿಡಿದು ಇಳಿದರು.

ಪುಟ್ಟಲಕ್ಷ್ಮಿ ಸಂಜೆ ಆರರ ತನಕ ರಾಹುಕಾಲ, ಪೆಟ್ಟಿಗೆಯ ಟೇಪು ಕೂಡ ಹರಿಯಬೇಡ ಎಂದು ಹೇಳಿ ಕಳಿಸಿದ್ದಳು. ಪುಟ್ಟಯ್ಯ ಎದ್ದು, ಬುತ್ತಿ ಕಟ್ಟಿಸಿಕೊಂಡು, ಪಡಸಾಲೆಯ ಮೇಜಿನ ಮೇಲೆ ಹರಡಿದ್ದ ಪೆಟ್ಟಿಗೆಗಳನ್ನು ಸ್ವಲ್ಪ ಹೊತ್ತು ನೋಡಿ, "ಹುಷಾರು," ಎಂದಷ್ಟೇ ಹೇಳಿ ಕೆಲಸಕ್ಕೆ ಹೋದ. ಯಾರಿಗೆ ಹೇಳಿದನೋ, ಇಬ್ಬರೂ ತಲೆಯಾಡಿಸಿದರು.

ಆರು ದಾಟಿದ ಮೇಲೆ ಪುಟ್ಟಲಕ್ಷ್ಮಿ ರೇಷ್ಮೆ ಅಂಚಿನ ಸೀರೆ ಉಟ್ಟು ಬಂದಳು. ಕೈಯಲ್ಲಿ ಕುಂಕುಮದ ಭರಣಿ, ಊದಿನಕಡ್ಡಿ, ಸಣ್ಣ ಬಟ್ಟಲಲ್ಲಿ ಅರಿಶಿನ ಕಲಸಿದ ಅಕ್ಷತೆ. ತನುಶ್ರೀ ಅಷ್ಟರಲ್ಲಿ ಬೋರ್ಡನ್ನು ಅದರ ರಟ್ಟಿನ ಪೆಟ್ಟಿಗೆಯ ಮೇಲೆ ಮಲಗಿಸಿ, ಪ್ರೊಸೆಸರ್ ಕೂರಿಸಿ, ಅದರ ಮೇಲೆ ಫ್ಯಾನು ಬಿಗಿದಿದ್ದಳು. ಮನೆಯೊಳಗೆ ಬೆಳಕು ಸಾಲದೆ ದುರ್ಗಮ್ಮ ಪಕ್ಕದಲ್ಲಿ ಟಾರ್ಚ್ ಹಿಡಿದು ನಿಂತಿದ್ದಳು.

"ದುರ್ಗಮ್ಮ, ನೀನು ಸ್ವಲ್ಪ ಈಚೆ ಬಾ. ಮೊದಲ್ನೇ ಸಲ ಶುರು ಮಾಡೋದು."

"ಟಾರ್ಚ್ ಹಿಡಿಯೋರು ಬೇಕು ಅತ್ತೆ."

"ಹಿಡೀಲಿ ಬಿಡು, ಬ್ಯಾಡ ಅಂದ್ನಾ? ಮುಟ್ಟೋದು ಬ್ಯಾಡ ಅಷ್ಟೇ."

ಪುಟ್ಟಲಕ್ಷ್ಮಿ ಕ್ಯಾಬಿನೆಟ್ಟಿನ ನೆತ್ತಿಗೆ ಕುಂಕುಮ ಇಟ್ಟು, ಊದಿನಕಡ್ಡಿ ಬೆಳಗಿ, ಕಣ್ಣು ಮುಚ್ಚಿ ಚೌಡಮ್ಮನನ್ನು ನೆನೆದು, ಬಟ್ಟಲಿನಿಂದ ಒಂದು ಹಿಡಿ ಅಕ್ಷತೆ ತೆಗೆದು ತೆರೆದ ಬೋರ್ಡಿನ ಮೇಲೆ ಎರಚಿದಳು. ತನುಶ್ರೀ "ಅಯ್ಯೋ ಅತ್ತೆ" ಎನ್ನುವಷ್ಟರಲ್ಲಿ ಹಳದಿ ಕಾಳುಗಳು ಎಲ್ಲ ಕಡೆ ಬಿದ್ದಾಗಿತ್ತು. ಅವಳು ಮೆಲ್ಲಗೆ ಬೋರ್ಡನ್ನು ಓರೆ ಮಾಡಿ ಕೊಡವಿದಳು, ಮೆತ್ತನೆಯ ಬ್ರಷ್ಷಿನಲ್ಲಿ ಗುಡಿಸಿದಳು.

ಟಾರ್ಚ್ ಹಿಡಿದ ದುರ್ಗಮ್ಮನ ಕಾಲ ಬಳಿಗೂ ನಾಲ್ಕು ಕಾಳು ಬಂದು ಬಿದ್ದವು. ಹುಡುಗಿಯಾಗಿದ್ದಾಗ, ಮೊದಲ ಧಾರೆಯ ದಿನ, ನೂರಾರು ಕೈಗಳಿಂದ ಇದೇ ಕಾಳು ಅವಳ ತಲೆಯ ಮೇಲೆ ಸುರಿದಿತ್ತು. ಮಾರನೆಯ ದಿನ ತಲೆ ಬಾಚುವಾಗಲೂ ಉದುರುತ್ತಿತ್ತು. ಕೂಡಿಕೆ ನಡೆದದ್ದು ದೀಪ ಹಚ್ಚಿದ ಮೇಲೆ, ಗುಡಿಯ ಹಿಂಬದಿಯಲ್ಲಿ. ಒಂದು ಸೀರೆ, ಒಂದು ತಾಳಿ, ಹಿರಿಯರ ಎರಡು ಮಾತು. ಕೂಡಿಕೆಗೆ ಅಕ್ಷತೆ ಇಲ್ಲ. ಆಮೇಲೆ ಹರಸಲೆಂದು ಯಾರೂ ಅವಳ ಕೈಗೆ ಅಕ್ಷತೆ ಕೊಟ್ಟಿರಲಿಲ್ಲ. ಅವಳು ಕಾಲನ್ನು ಹುಷಾರಾಗಿ ಹಿಂದಕ್ಕೆ ತೆಗೆದಳು, ತುಳಿಯಬಾರದೆಂದು.

ತನುಶ್ರೀ ರ‍್ಯಾಮನ್ನು ಸೀಳಿನ ಮೇಲಿಟ್ಟು ಹೆಬ್ಬೆರಳಿನಿಂದ ಒತ್ತಿದಳು. ಟಿಕ್. ಇನ್ನೊಂದು ತುದಿಯನ್ನೂ ಒತ್ತಿದಳು. ಅದು ಕೂತ ಹಾಗೆ ಕಂಡಿತು. ಸದ್ದು ಬರಲಿಲ್ಲ. ದುರ್ಗಮ್ಮನ ನಾಲಿಗೆಯ ತುದಿಗೆ ಮಾತು ಬಂತು. ಪುಟ್ಟಲಕ್ಷ್ಮಿ ಎದುರಿಗೇ ನಿಂತಿದ್ದಳು. ಮುಟ್ಟಬೇಡ ಎಂದು ಹೇಳಿಸಿಕೊಂಡವಳು ಬಾಯಿ ಹಾಕುವುದು ಹೇಗೆ? ಮಾತು ಒಳಗೇ ಹೋಯಿತು.

ಬೋರ್ಡು ಕ್ಯಾಬಿನೆಟ್ಟಿನೊಳಗೆ ಇಳಿಯಿತು. ಸ್ಕ್ರೂ ಬಿಗಿದರು, ವೈರು ಸಿಕ್ಕಿಸಿದರು. ತನುಶ್ರೀ ದೇವರ ಫೋಟೋ ಕಡೆ ಒಮ್ಮೆ ನೋಡಿ ಗುಂಡಿ ಒತ್ತಿದಳು. ಫ್ಯಾನು ತಿರುಗಿತು. ಒಳಗೆ ನೀಲಿ ದೀಪ ಹೊತ್ತಿತು. ಪುಟ್ಟಲಕ್ಷ್ಮಿ ಕೈ ಮುಗಿದಳು. ಪರದೆ ಮಾತ್ರ ಕಪ್ಪಾಗಿಯೇ ಇತ್ತು. ಆರಿಸಿ ಮತ್ತೆ ಹಾಕಿದಳು. ಕಪ್ಪು. ವೈರು ಬಿಚ್ಚಿ, ಹಾಕಿ, ಮತ್ತೆ ಒತ್ತಿದಳು. ಕಪ್ಪು.

"ಏನಾಯ್ತೇ?"

"ಗೊತ್ತಾಗ್ತಿಲ್ಲ ಅತ್ತೆ."

"ಕಂಪನಿದು ತಗೊ ಅಂದೆ. ಕೇಳ್ಲಿಲ್ಲ ನೀನು." ಪುಟ್ಟಲಕ್ಷ್ಮಿ ಬಟ್ಟಲನ್ನು ಕಿಟಕಿಯ ಮೇಲಿಟ್ಟಳು. ದನಿ ತಗ್ಗಿಸಿದಳು, ಆದರೆ ಅಷ್ಟು ಚಿಕ್ಕ ಪಡಸಾಲೆಯಲ್ಲಿ ದನಿ ತಗ್ಗಿಸಿ ಪ್ರಯೋಜನವಿಲ್ಲ. "ಮೊದಲ್ನೇ ಕೆಲ್ಸಕ್ಕೆ ಪಕ್ಕದಲ್ಲಿ ಯಾರಿರ್ಬೇಕು, ಯಾರಿರ್ಬಾರ್ದು ಅಂತ ಒಂದು ಇರ್ತದೆ. ಹೇಳಿದ್ರೆ ನಿಂಗೆ ಹಳೇ ಕಾಲದ್ದು ಅನ್ಸುತ್ತೆ."

ತನುಶ್ರೀ ಕಪ್ಪು ಪರದೆಯನ್ನೇ ನೋಡುತ್ತಿದ್ದಳು. ದುರ್ಗಮ್ಮ ಟಾರ್ಚನ್ನು ಆರಿಸಿ ಮೇಜಿನ ಮೂಲೆಯಲ್ಲಿಟ್ಟು, ಹಿತ್ತಿಲ ಬಾಗಿಲಿನಿಂದ ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತಳು.

ಮೋಡ ಬೆಳಗಿನ ಹಾಗೇ ಇತ್ತು. ಪಕ್ಕದ ಮನೆಯಲ್ಲಿ ತಮಿಳಿನಲ್ಲಿ ಯಾರೋ ಮಗುವನ್ನು ಗದರಿಸುತ್ತಿದ್ದರು, ಮಗು ನಗುತ್ತಿತ್ತು. ಬುಧವಾರದ ತನಕ ಯಾಕೆ ಎಂದು ದುರ್ಗಮ್ಮ ಯೋಚಿಸಿದಳು. ನಾಳೆಯೇ ಬೆಳಿಗ್ಗೆ ಹೊಳೆಹೊನ್ನೂರಿನ ಬಸ್ಸಿದೆ. ಎರಡು ಸೀರೆ, ಒಂದು ಹೊದಿಕೆ. ಇಷ್ಟು ವರ್ಷವಾದರೂ ಒಂದು ಚೀಲಕ್ಕಿಂತ ಹೆಚ್ಚಿನ ಸಾಮಾನು ಈ ಮನೆಯಲ್ಲಿ ಕೂಡಿರಲಿಲ್ಲ ಎಂಬುದು ಅವಳಿಗೇ ಆಶ್ಚರ್ಯವೆನಿಸಿತು. ಅಳು ಬರಲಿಲ್ಲ. ಅಳಬೇಕಾದರೂ ಪಕ್ಕದಲ್ಲಿ ಒಬ್ಬರು ಬೇಕು.

ಒಳಗೆ ತನುಶ್ರೀ ಒಂದೊಂದೇ ಸ್ಕ್ರೂ ಬಿಚ್ಚುವುದು ಕೇಳಿಸುತ್ತಿತ್ತು. "ಪ್ರೊಸೆಸರ್ರೇ ಹೋಯ್ತೇನೋ," ಅನ್ನುವ ಅವಳ ದನಿ ಒಡೆದಿತ್ತು. ವರ್ಷವೆಲ್ಲ ಯಾರದೋ ಮದುವೆಗಳನ್ನು ಅಂದಗೊಳಿಸಿ ಕೂಡಿಟ್ಟ ದುಡ್ಡಿನಲ್ಲಿ ತಂದದ್ದು ಅದು.

ದುರ್ಗಮ್ಮನ ಬಳಿ ಒಂದು ಮಾತಿತ್ತು. ಹೇಳಿ ಅದು ತಪ್ಪಾದರೆ, ಇನ್ನೊಂದು ಅಪವಾದ. ಹೇಳದಿದ್ದರೆ ನಾಳೆ ಬಸ್ಸು ಹತ್ತಬಹುದು, ಯಾರಿಗೂ ಯಾವ ಬಾಕಿಯೂ ಇಲ್ಲದೆ. ಕೊನೆಗೆ ಅವಳು ಚೌಡಮ್ಮಾ ಎಂದು ಮಂಡಿಯ ಮೇಲೆ ಕೈಯೂರಿ ಎದ್ದಳು.

"ತನೂ," ಅಂದಳು ಬಾಗಿಲಲ್ಲಿ ನಿಂತು. "ಆ ಪಟ್ಟಿ ಒಂದೇ ಸಲ ಟಿಕ್ ಅಂತು. ಆ ಸಾಹೇಬ್ರು ಎರಡು ಸಲ ಅನ್ಬೇಕು ಅಂದಿದ್ರು."

ತನುಶ್ರೀ ತಿರುಗಿ ನೋಡಿದಳು. "ಆಗ್ಲೇ ಯಾಕೆ ಹೇಳ್ಲಿಲ್ಲ?"

ದುರ್ಗಮ್ಮನ ಕಣ್ಣು ಪುಟ್ಟಲಕ್ಷ್ಮಿಯ ಕಡೆ ಹೋಗಿ ಬಂತು. ಯಾಕೆ ಹೇಳಲಿಲ್ಲ ಎಂಬುದು ಕೇಳಿದವಳಿಗೂ ಗೊತ್ತಾಯಿತು, ಮುಖ ತಗ್ಗಿಸಿದಳು.

"ಟಾರ್ಚ್ ಹಿಡೀತೀರಾ?"

ದುರ್ಗಮ್ಮ ಬಂದು ಟಾರ್ಚ್ ಹಿಡಿದಳು. ಪುಟ್ಟಲಕ್ಷ್ಮಿಯೂ ಹತ್ತಿರ ಬಂದು ಬಗ್ಗಿದಳು. ತನುಶ್ರೀ ಪಟ್ಟಿಯನ್ನು ಮೇಲಕ್ಕೆಳೆದಳು. ಸೀಳಿನ ಆಳದಲ್ಲಿ ಏನೋ ಹಳದಿ ಕಂಡಿತು. ಅವಳು ಹುಬ್ಬು ತೀಡುವ ಚಿಮಟದಲ್ಲಿ ಅದನ್ನು ಮೆಲ್ಲಗೆ ಎತ್ತಿ ತನ್ನ ಅಂಗೈಯಲ್ಲಿಟ್ಟುಕೊಂಡಳು.

ಅಕ್ಷತೆ. ಪೂರ್ತಿ ಕಾಳೂ ಅಲ್ಲ, ನುಚ್ಚು. ಇಡೀ ಕಾಳಾಗಿದ್ದರೆ ಆ ಸಣ್ಣ ಸೀಳಿಗೆ ಇಳಿಯುತ್ತಲೇ ಇರಲಿಲ್ಲ.

ಅಕ್ಷತೆಗೆ ನುಚ್ಚು ಬೆರೆಯಬಾರದೆಂದು ತಿಳಿಯದ ಹೆಂಗಸು ಆ ಸೀಮೆಯಲ್ಲಿಲ್ಲ. ಮುರಿಯದ ಅಕ್ಕಿಗೆ ಮಾತ್ರ ಅಕ್ಷತೆ ಎಂಬ ಹೆಸರು. ಮದುವೆಯ ಮನೆಗಳಲ್ಲಿ ಮೊರದ ಮುಂದೆ ಕೂತು ಎಳೆಯ ಹುಡುಗಿಯರಿಗೆ ಅದನ್ನು ಹೇಳಿಕೊಡುತ್ತಿದ್ದವಳು ಪುಟ್ಟಲಕ್ಷ್ಮಿಯೇ. ಅವಳು ಆ ಅಂಗೈಯನ್ನು ಬಹಳ ಹೊತ್ತು ನೋಡಿದಳು.

"ಕನ್ನಡಕ ಹಾಕ್ಕೊಂಡಿರ್ಲಿಲ್ಲ," ಅಂದಳು, ಮೆಲ್ಲಗೆ. ಆಮೇಲೆ ಕಿಟಕಿಯ ಮೇಲಿದ್ದ ಬಟ್ಟಲನ್ನು ತೆಗೆದುಕೊಂಡು ಅಡಿಗೆಮನೆಯ ಕಡೆ ಹೋದಳು. ಹಿತ್ತಿಲ ಬಾಗಿಲಿನಿಂದ ಮನೆಗೇ ಹೋದಳೇನೋ ಎಂದು ಇಬ್ಬರೂ ಅಂದುಕೊಂಡರು.

ತನುಶ್ರೀ ಸೀಳನ್ನು ಬ್ರಷ್ಷಿನಿಂದ ಒರೆಸಿದಳು, ಬಾಯಿಂದ ಊದಬಾರದೆಂದು ತಡೆದುಕೊಂಡು ಮತ್ತೆ ಒರೆಸಿದಳು. ಪಟ್ಟಿಯನ್ನು ಇಟ್ಟು ಒತ್ತಿದಳು. ಟಿಕ್. ಇನ್ನೊಂದು ತುದಿ. ಟಿಕ್. ತಲೆ ಎತ್ತದೆಯೇ ಕೇಳಿದಳು:

"ಹೊಳೆಹೊನ್ನೂರಿಂದ ಯಾವಾಗ ಬರ್ತೀರಿ?"

"ನೋಡ್ಬೇಕು," ಅಂದಳು ದುರ್ಗಮ್ಮ.

"ಮುಂದಿನ ಭಾನುವಾರದೊಳಗೆ ಬನ್ನಿ. ಅಪ್ಪಂಗೆ ಅನ್ನ ಮಾಡಿ ಇಡೋದು ನಂಗೆ ಬರಲ್ಲ, ಅದಿರ್ಲಿ." ಅವಳು ಬರಿದಾಗಿದ್ದ ಪಕ್ಕದ ಸೀಳನ್ನು ಬೆರಳಿನಿಂದ ಸವರಿದಳು. "ರ‍್ಯಾಮ್ ರೇಟು ಇಳಿದ ಮೇಲೆ ಇಲ್ಲಿಗೊಂದು ಹಾಕ್ಬೇಕು. ಕಿವಿಗೆ ಏನೂ ಸಿಕ್ಕಿಸ್ಕೊಳ್ದೆ ಇರೋರು ಒಬ್ರು ಮನೇಲಿ ಬೇಕಲ್ಲ."

ದುರ್ಗಮ್ಮನಿಗೆ ನಗು ಬಂತು. ನಗುವುದೋ ಬೇಡವೋ ತಿಳಿಯದೆ ಸೆರಗಿನ ತುದಿಯಿಂದ ಬಾಯಿ ಒರೆಸಿಕೊಂಡಳು. "ಶನಿವಾರ ಸಂಜೆ ಬಸ್ಸಿಗೆ ಬರ್ತೀನಿ ಬಿಡು," ಅಂದಳು.

ಬೋರ್ಡು ಮತ್ತೆ ತನ್ನ ಜಾಗಕ್ಕೆ ಇಳಿಯಿತು. ತನುಶ್ರೀ ಗುಂಡಿಯ ಮೇಲೆ ಬೆರಳಿಟ್ಟಳು. ಒತ್ತಲಿಲ್ಲ. ಅಡಿಗೆಮನೆಯಿಂದ ಅಕ್ಕಿ ಡಬ್ಬದ ಮುಚ್ಚಳದ ಸದ್ದು ಬರುತ್ತಿತ್ತು. ಹೋಗಿರಲಿಲ್ಲ ಹಾಗಾದರೆ. ಇಬ್ಬರೂ ಆ ಕಡೆ ನೋಡಿದರು.

ಪುಟ್ಟಲಕ್ಷ್ಮಿ ದೀಪದ ಕೆಳಗೆ ನೆಲದ ಮೇಲೆ ಕೂತಿದ್ದಳು. ಮುಂದೆ ಮೊರ. ತನುಶ್ರೀಯ ಅಪ್ಪನ ಹಳೆಯ ಕನ್ನಡಕ ಹುಡುಕಿ ಹಾಕಿಕೊಂಡು, ಒಂದೊಂದೇ ಕಾಳನ್ನು ಬೆರಳ ತುದಿಯಲ್ಲಿ ಎತ್ತಿ, ಬೆಳಕಿಗೆ ಹಿಡಿದು ನೋಡಿ, ಬಟ್ಟಲಿಗೆ ಹಾಕುತ್ತಿದ್ದಳು. ಮುರಿದದ್ದನ್ನು ಪಕ್ಕಕ್ಕೆ ಸರಿಸುತ್ತಿದ್ದಳು. ಅವಳ ಅವಸರವೆಲ್ಲ ಎಲ್ಲಿಗೋ ಹೋಗಿತ್ತು. ಅವಳನ್ನು ಯಾರೂ ಕರೆಯಲಿಲ್ಲ. ಚಿಟಿಕೆ ಅರಿಶಿನ ಹಾಕಿದಳು, ಒಂದು ತೊಟ್ಟು ತುಪ್ಪ ಹಾಕಿ ಕಲಸಿದಳು, ಸೊಂಟ ಹಿಡಿದುಕೊಂಡು ಎದ್ದಳು.

ಪಡಸಾಲೆಗೆ ಬಂದವಳು ಮೇಜಿನ ಮುಂದೆ ನಿಲ್ಲಲಿಲ್ಲ. ದುರ್ಗಮ್ಮನ ಕೈಯಿಂದ ಟಾರ್ಚ್ ತೆಗೆದುಕೊಂಡಳು, ಆ ಕೈಯನ್ನು ಅಂಗೈ ಮೇಲಾಗಿ ಬಿಡಿಸಿ ಅಕ್ಷತೆಯ ಬಟ್ಟಲನ್ನು ಅದರಲ್ಲಿಟ್ಟಳು, ತಾನು ಈಚೆಗೆ ಸರಿದು ನಿಂತಳು.